ಹಿತ್ತಲ ಗೋಡೆಯ ಬೋರ್ಡು

ಕೆಂಪಸಿದ್ದಯ್ಯ ಆರು ವರ್ಷ ಕಬ್ಬಿನ ಪಾಕ ಕಾಯಿಸಿದ. ಮೊದಲ ಮೂರು ದಿನ ಬಿಟ್ಟರೆ ಆರು ವರ್ಷ ಆ ಪಾಕದ ಮುಖ ನೋಡಿದವನಲ್ಲ. ನಗಬೇಡಿ. ಅಡುಗೆಯವನನ್ನು ಹಿತ್ತಲಲ್ಲಿ ನಿಲ್ಲಿಸಿ, ಒಲೆಯನ್ನು ಗೋಡೆಯಾಚೆ ಇಟ್ಟು, ‘ಹದವಾಗಿ ಬೇಯಿಸಪ್ಪಾ’ ಎಂದರೆ ಹೇಗೋ ಹಾಗಿತ್ತು ಅವನ ನೌಕರಿ. ಆ ಗೋಡೆಯ ಮೇಲೆ ಹಬೆ, ಕಾವು ಅಳೆಯುವ ಮುಳ್ಳಿನ ಗೇಜುಗಳು ಯಾಕೆ ಬಂದು ಕೂತವು ಎಂಬುದನ್ನು ನೆನೆದರೆ ಈಗಲೂ ಬಾಯಿ ಕಹಿಯಾಗುತ್ತದೆ.

ಅವನು ಮಳವಳ್ಳಿ ಸೀಮೆಯ ಕಿರುಗಾವಲಿನವನು. ಊರಾಚೆಯ ಕೇರಿ. ಹದಿನೇಳನೆಯ ವಯಸ್ಸಿಗೆ ಬೆಂಗಳೂರಿಗೆ ಹೋಗಿ ಒಂದು ಬಟ್ಟೆ ಗಿರಣಿಯಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಸುರಿಯುವ ಕೆಲಸಕ್ಕೆ ನಿಂತ. ಹಬೆ ಎಂಬ ದೆವ್ವ ಅವನಿಗೆ ಪರಿಚಯವಾದದ್ದು ಅಲ್ಲಿ. ಮೊದಮೊದಲು ನೋಡುವುದಕ್ಕೆ ಅಂತ ಏನೂ ಇರಲಿಲ್ಲ. ಬಾಯ್ಲರಿನ ಹೊಟ್ಟೆಗೆ ಮೇಲೆ, ನಡುವೆ, ಕೆಳಗೆ ಅಂತ ಮೂರು ನಲ್ಲಿ. ಒಂದೊಂದನ್ನೇ ಬಿಚ್ಚಿ, ಎಲ್ಲಿ ನೀರು ಬರುತ್ತದೆ, ಎಲ್ಲಿ ಬರೀ ಹಬೆ ಬುಸ್ಸೆನ್ನುತ್ತದೆ ಎಂದು ನೋಡಿ ಒಳಗಿನ ನೀರೆಷ್ಟು ಎಂದು ಊಹಿಸಬೇಕು. ಕೊಳವೆಗೆ ಕಿವಿ ಕೊಟ್ಟು ಒಳಗಿನ ಸಿಟ್ಟೆಷ್ಟು ಎಂದು ತಿಳಿಯಬೇಕು. ಆಮೇಲೆ ಗಾಜಿನ ಕೊಳವೆ ಬಂತು, ನೀರು ಕಣ್ಣಿಗೇ ಕಂಡಿತು. ಆಮೇಲೆ ಹಿತ್ತಾಳೆಯ ದುಂಡು ಗೇಜು ಬಂತು, ಗಡಿಯಾರದ ಹಾಗೆ ಅದಕ್ಕೊಂದು ಮುಳ್ಳು. ಅಕ್ಷರ ಬಾರದ ಕೆಂಪಸಿದ್ದಯ್ಯ ಇಂಗ್ಲಿಷ್ ಅಂಕಿಗಳನ್ನು ಆ ಗೇಜಿನ ಮೇಲೆಯೇ ಕಲಿತ. ಅವನಿಗೆ ಕಲಿಸಿದ ಮುದುಕ ಮೇಸ್ತ್ರಿ ಒಂದು ಮಾತು ಹೇಳಿದ್ದ. ಮುಳ್ಳು ಒಂದು ಹೇಳಿ ಕಿವಿ ಇನ್ನೊಂದು ಹೇಳಿದರೆ ಕಿವಿಯನ್ನು ನಂಬು, ಮುಳ್ಳನ್ನು ಬಿಚ್ಚಿ ನೋಡು. ಎಂಟು ವರ್ಷ ಆ ಮಾತಿನ ಮೇಲೆಯೇ ಅವನು ಬದುಕಿ ಉಳಿದ.

ಅತ್ತ ಮದ್ದೂರಿನಿಂದ ಆತಗೂರಿಗೆ ಹೋಗುವ ದಾರಿಯಲ್ಲಿ ಅಪ್ಪಾಜಿ ಎಂಬ ಸಾಹುಕಾರರ ಆಲೆಮನೆ ಇತ್ತು. ನಾಲೆಯ ನೀರು ಬಂದಮೇಲೆ ಎಲ್ಲಿ ನೋಡಿದರೂ ಕಬ್ಬು. ಅವರಿಗೂ ಆಸೆ ಹತ್ತಿತು, ಆಲೆಮನೆಯನ್ನು ಕಾರ್ಖಾನೆ ಮಾಡಬೇಕೆಂದು. ಸಾವಿರದ ಒಂಬೈನೂರ ನಲವತ್ತರಲ್ಲಿ ಒಲೆ ಕಿತ್ತು, ಒಂದು ಬಾಯ್ಲರನ್ನೂ ಹಬೆಯಲ್ಲಿ ಕಾಯುವ ಕೊಪ್ಪರಿಗೆಯನ್ನೂ ತರಿಸಿದರು. ಪಾಕದ ಹದ ನೋಡುತ್ತಿದ್ದವನು ಜವರಯ್ಯ, ಊರೊಳಗಿನವನು, ಕೈಯಲ್ಲಿ ನಿಜವಾದ ವಿದ್ಯೆ ಇದ್ದವನು. ಬೆರಳನ್ನು ತಣ್ಣೀರಲ್ಲಿ ಅದ್ದಿ, ಕುದಿಯುವ ಪಾಕಕ್ಕೆ ಇಳಿಸಿ, ಮತ್ತೆ ತಣ್ಣೀರಿಗೆ ಹಾಕಿ ಉಂಡೆ ಕಟ್ಟಿ ನೋಡುತ್ತಿದ್ದ. ಆದರೆ ಬೆಂಕಿಯಾದರೆ ಕಣ್ಣಿಗೆ ಕಾಣುತ್ತದೆ, ಜಾಸ್ತಿಯಾದರೆ ಕಬ್ಬಿನ ಸಿಪ್ಪೆ ಎಳೆದುಹಾಕಬಹುದು. ಹಬೆಯನ್ನು ಎಲ್ಲಿಂದ ಎಳೆಯುವುದು? ಎರಡು ಕೊಪ್ಪರಿಗೆ ಪಾಕ ಸೀದು ಕರಿ ಹೆಂಟೆಯಾಯಿತು. ಹಬೆ ಬಲ್ಲ ಆಳು ಬೇಕೆಂದು ಅಪ್ಪಾಜಿ ಊರೂರಿಗೆ ಹೇಳಿ ಕಳಿಸಿದರು. ಬಂದವನು ಕೆಂಪಸಿದ್ದಯ್ಯ ಒಬ್ಬನೇ.

ತೊಳೆದ ಷರ್ಟು ಹಾಕಿದ್ದ, ಕೊಪ್ಪರಿಗೆಯ ಪಕ್ಕ ನಿಂತು ಗೇಜು ಓದಿ ಹೇಳಿದ, ಮೊದಲ ದಿನವೇ ಚಿನ್ನದಂಥ ಬೆಲ್ಲ ಇಳಿಯಿತು. ಅಪ್ಪಾಜಿ ಬೆನ್ನು ತಟ್ಟಿದರು. ಮೂರನೆಯ ದಿನ ಅವರ ತಾಯಿ ಅಂಕಮ್ಮನವರು ಬಂದು, ನಿನ್ನದು ಯಾವ ಕೇರಿಯಪ್ಪ ಎಂದು ಕೇಳಿದರು. ಅವನು ಸುಳ್ಳು ಹೇಳಲಿಲ್ಲ. ಅಪ್ಪಾಜಿ ತಮ್ಮ ಅಂಗೈಯನ್ನೇ ನೋಡಿಕೊಂಡರು, ಬೆನ್ನು ತಟ್ಟಿದ ಅಂಗೈಯನ್ನು. ಆಮೇಲೆ ಹೋಗಿ ಸ್ನಾನ ಮಾಡಿದರು.

ಓಡಿಸಿಬಿಡಬಹುದಿತ್ತು. ಓಡಿಸಿದರೆ ಪಾಕ ಸೀಯುತ್ತದೆ. ಇಟ್ಟುಕೊಂಡರೆ ಬೆಲ್ಲ ಮೈಲಿಗೆ, ಯಾರೂ ಕೊಳ್ಳುವುದಿಲ್ಲ. ಆಳು ಬೇಕು, ಆಳಿನ ನೆರಳು ಬೇಡ! ಬೆಂಗಳೂರಿನಿಂದ ಫಿಟ್ಟರು ಬಂದ. ಕೊಪ್ಪರಿಗೆಯ ಪಕ್ಕದಲ್ಲಿದ್ದ ಗೇಜುಗಳನ್ನೆಲ್ಲ ಕಿತ್ತು, ಹಿತ್ತಲ ಗೋಡೆಗೆ ತೂತು ಕೊರೆದು, ಹೊರಗಡೆ ಒಂದು ಮರದ ಬೋರ್ಡಿನ ಮೇಲೆ ಸಾಲಾಗಿ ಕೂರಿಸಿದ. ಹಬೆ ತಿರುಗಿಸುವ ಚಕ್ರಕ್ಕೆ ಎಂಟಡಿಯ ಕಬ್ಬಿಣದ ಸರಳು ಹಾಕಿ ಗೋಡೆಯಿಂದ ಈಚೆಗೆ ತಂದ. ಪಾಕದ ಕಾವು ತಿಳಿಯಲು ಒಂದು ಲೋಹದ ಕಡ್ಡಿ. ಕಡ್ಡಿ ಕೊಪ್ಪರಿಗೆಯೊಳಗೆ ಮುಳುಗಿರುತ್ತದೆ, ಅದರಿಂದ ಪಾದರಸ ತುಂಬಿದ ಸಣ್ಣ ತಂತಿಯಂಥ ಕೊಳವೆ ಗೋಡೆಯಲ್ಲಿ ನುಸುಳಿ ಈಚೆಗೆ ಬಂದು ಮುಳ್ಳನ್ನು ಆಡಿಸುತ್ತದೆ. ಫ್ಯಾರನ್‌ಹೀಟ್ ಲೆಕ್ಕದ ಇನ್ನೂರ ನಲವತ್ತಕ್ಕೆ ಕೆಂಪು ಗೆರೆ. ಮುಳ್ಳು ಗೆರೆ ಮುಟ್ಟಿದರೆ ಚಕ್ರ ಮುಚ್ಚಬೇಕು. ಕೆಂಪಸಿದ್ದಯ್ಯ ಬಿಸಿಲಲ್ಲಿ ಹೊರಗೆ, ಬೆಲ್ಲ ನೆರಳಲ್ಲಿ ಒಳಗೆ.

ಇಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಅಪ್ಪಾಜಿ ಬಂದ ನೆಂಟರಿಷ್ಟರನ್ನೆಲ್ಲ ಹಿತ್ತಲಿಗೆ ಕರೆತಂದು, ನೋಡಿ, ಬಿಳಿಯರ ಸೀಮೆಯಲ್ಲಿ ಕೂಡ ಇಂಥದು ಈಗ ಬರುತ್ತಾ ಇದೆಯಂತೆ, ಆಳಿಗೆ ಕಾವು ತಾಗಬಾರದು ಅಂತ ಈ ಏರ್ಪಾಡು ಮಾಡಿದ್ದೇನೆ ಎಂದು ಮೀಸೆ ತಿರುವುತ್ತಿದ್ದರು. ನೆಂಟರು ತಲೆದೂಗುತ್ತಿದ್ದರು. ಕೆಂಪಸಿದ್ದಯ್ಯ ಆ ಊರಿನ ಕೇರಿಯಲ್ಲಿ ಮಾಡಿಕೊಂಡಿದ್ದ ಮನೆಗೆ ಹೋಗಿ ಹೆಂಡತಿ ಶಿವನಂಜಮ್ಮ ಇಟ್ಟ ಮುದ್ದೆಯನ್ನು ನುಂಗಲಾರದೆ ಎದ್ದುಬಿಡುತ್ತಿದ್ದ.

ಅವನು ಕೇಳಿದ್ದು ಒಂದೇ ಒಂದು. ಬೋರ್ಡಿನ ಪಕ್ಕ ಒಂದು ಗೇಣಗಲ ಕಿಟಕಿ. ಗಾಜೇ ಹಾಕಲಿ, ಬಲೆಯೇ ಹಾಕಲಿ, ಕೊಪ್ಪರಿಗೆ ಕಣ್ಣಿಗೆ ಬಿದ್ದರೆ ಸಾಕು. ಮುಳ್ಳು ಸುಳ್ಳು ಹೇಳಿದ ದಿನ ಒಳಗಿರುವವರ ಮೈ ಬೇಯುತ್ತದೆ, ಬುದ್ಧೀ ಎಂದು ಕೈ ಮುಗಿದು ಹೇಳಿದ. ಅವನ ಕಣ್ಣು ಬಿದ್ದ ಪಾಕ ದೇವರ ನೈವೇದ್ಯಕ್ಕಾಗುತ್ತದೆಯೇ ಎಂದರು ಅಂಕಮ್ಮನವರು. ಅಲ್ಲಿಗೆ ಮುಗಿಯಿತು.

ಕಿಟಕಿ ಇಲ್ಲದಿದ್ದರೂ ಇಬ್ಬರು ಕೆಲಸಗಾರರು ಒಂದು ದಾರಿ ಕಂಡುಕೊಂಡರು. ಒಳಗೆ ಕೊಪ್ಪರಿಗೆಯ ಹತ್ತಿರ ಜವರಯ್ಯ, ಹೊರಗೆ ಬೋರ್ಡಿನ ಹತ್ತಿರ ಕೆಂಪಸಿದ್ದಯ್ಯ, ನಡುವೆ ಎಂಟಡಿಯ ಸರಳು. ಜವರಯ್ಯ ಸೌಟಿನಿಂದ ಸರಳಿಗೆ ಒಂದೇಟು ಬಡಿದರೆ ಹಬೆ ಇನ್ನಷ್ಟು ಬಿಡು. ಎರಡೇಟು, ಕಡಿಮೆ ಮಾಡು. ಮೂರೇಟು, ಮುಚ್ಚು. ಜವರಯ್ಯನ ಬೆರಳು, ಕೆಂಪಸಿದ್ದಯ್ಯನ ಕಿವಿ, ಬೋರ್ಡಿನ ಮುಳ್ಳು, ಮೂರೂ ಕೂಡಿ ಐದು ವರ್ಷ ಬೆಲ್ಲದ ಒಂದು ಅಚ್ಚೂ ಕೆಡಲಿಲ್ಲ. ಇಬ್ಬರೂ ಮುಖಾಮುಖಿ ಮಾತಾಡಿದ್ದು ಕಡಿಮೆ. ಆದರೂ ಆ ಬಡಿತದಲ್ಲಿ ಒಂದು ಸ್ನೇಹ ಇದೆ ಎಂದು ಕೆಂಪಸಿದ್ದಯ್ಯ ನಂಬಿಕೊಂಡಿದ್ದ. ಪಾಪ, ನಂಬಿದ.

ನಲವತ್ತಾರರ ಕಾರ್ತಿಕದಲ್ಲಿ ಅಪ್ಪಾಜಿಗೆ ಒಂದು ದೊಡ್ಡ ಮಠದಿಂದ ನೈವೇದ್ಯದ ಬೆಲ್ಲಕ್ಕೆ ಹೇಳಿಕೆ ಬಂತು. ಆಗ ಅಂಕಮ್ಮನವರ ಕಣ್ಣು ಆ ಕಡ್ಡಿಯ ಮೇಲೆ ಬಿತ್ತು. ಕಡ್ಡಿಯ ಒಂದು ತುದಿ ಪಾಕದಲ್ಲಿ, ಕೊಳವೆಯ ಇನ್ನೊಂದು ತುದಿ ಅವನ ಕೈಯಳತೆಯಲ್ಲಿ. ನಡುವೆ ಗೋಡೆ ಇದ್ದರೇನು?

“ಕಂಬದ ತಂತೀಲಿ ಕರೆಂಟು ಹರ್ಕೊಂಡು ಬರಾಕಿಲ್ವಾ? ಅಂಗೇ ಇದ್ರಲ್ಲಿ ಮೈಲಿಗೆ ಹರೀತದೆ” ಎಂದರು ಮಗನಿಗೆ.

ಆಮೇಲೆ ಏನು ಮಾಡಿದರು ಎನ್ನುವುದು ಕೆಂಪಸಿದ್ದಯ್ಯನಿಗೆ ಎರಡು ತಿಂಗಳಾದ ಮೇಲೆ ತಿಳಿಯಿತು. ಇಲ್ಲಿ ಈಗಲೇ ಹೇಳಿಬಿಡುವುದು ಒಳ್ಳೆಯದು. ಕಡ್ಡಿಯನ್ನು ಪಾಕದಿಂದ ತೆಗೆದರು. ಒಂದು ತಾಮ್ರದ ಗಿಂಡಿಗೆ ಬಾವಿಯ ನೀರು ತುಂಬಿ, ಎರಡೆಸಳು ತುಳಸಿ ಹಾಕಿ, ಕಡ್ಡಿಯನ್ನು ಅದರಲ್ಲಿ ಅದ್ದಿ, ಆ ಗಿಂಡಿಯನ್ನು ಸರಪಣಿಯಲ್ಲಿ ಪಾಕದೊಳಗೆ ಇಳಿಬಿಟ್ಟರು. ನೀರು ನಡುವೆ ಬಂದರೆ ಮೈಲಿಗೆ ದಾಟುವುದಿಲ್ಲ, ಕಾವು ದಾಟುತ್ತದೆ ಎಂಬುದು ಅವರ ಲೆಕ್ಕ. ಒಲೆ ಹಚ್ಚುವ ಯಾವ ಹೆಂಗಸಿಗಾದರೂ ಗೊತ್ತು, ನೀರು ಒಂದು ಸಲ ಕುದಿ ಬಂದಮೇಲೆ ಎಷ್ಟು ಉರಿ ಹಾಕಿದರೂ ಅದರ ಕಾವು ಅಷ್ಟೇ, ಆವಿಯಾಗಿ ಹೋಗುತ್ತದೆ ಹೊರತು ಮೇಲೆ ಏರುವುದಿಲ್ಲ. ಪಾಕ ಹಾಗಲ್ಲ, ಏರುತ್ತಲೇ ಹೋಗುತ್ತದೆ. ಗಿಂಡಿಯಲ್ಲಿ ಕೂತ ಕಡ್ಡಿ ಇನ್ನೂರ ಹತ್ತರ ಮೇಲೆ ಏನೂ ಹೇಳಲಾರದು. ಕೆಂಪು ಗೆರೆಯನ್ನು ಆ ಮುಳ್ಳು ಈ ಜನ್ಮದಲ್ಲಿ ಮುಟ್ಟುವಂತಿರಲಿಲ್ಲ. ಗಿಂಡಿ ಕಟ್ಟಿದವನು ಜವರಯ್ಯ. ನೀರು ಬತ್ತಿದಂತೆ ಚೆಂಬಿನಲ್ಲಿ ತುಂಬುತ್ತಿದ್ದವನೂ ಅವನೇ.

ಹೊರಗೆ ಕೆಂಪಸಿದ್ದಯ್ಯನಿಗೆ ತಲೆ ಕೆಟ್ಟುಹೋಯಿತು. ಮುಳ್ಳು ಇನ್ನೂರ ಹತ್ತರಲ್ಲಿ ಹಟ ಹಿಡಿದು ನಿಲ್ಲುತ್ತದೆ, ಅಷ್ಟರಲ್ಲಿ ಒಳಗಿಂದ ಮೂರೇಟು ಬರುತ್ತದೆ. ಏಟು ಕೇಳಿ ಮುಚ್ಚುತ್ತಿದ್ದ, ಬೆಲ್ಲ ಚೆನ್ನಾಗಿಯೇ ಇಳಿಯುತ್ತಿತ್ತು. ಮೋರಿಯ ತೂತಿಗೆ ಬಾಯಿಟ್ಟು, ಏನಾಗಿದೆ ಜವರಣ್ಣ, ಕಡ್ಡಿ ಸರಿಯಾಗಿ ಮುಳುಗಿದೆಯಾ ಎಂದು ಕೇಳಿದ.

“ಮುಳ್ಳು ಅಳೇದಾಗ್ಬುಟ್ಟದೆ, ಬುಡ್ಲಾ. ನಾನು ಬಡ್ದಂಗೆ ನೀನು ತಿರುಗ್ಸು” ಎಂದಿತು ಒಳಗಿನ ದನಿ.

ಬಿಚ್ಚಿ ನೋಡು ಎಂದಿದ್ದ ಮೇಸ್ತ್ರಿ. ಬಿಚ್ಚಲು ಒಳಗೆ ಹೋಗಬೇಕು. ಒಳಗೆ ಹೋಗುವಂತಿಲ್ಲ. ಏಟು ಬೀಳುವ ಮುಂಚೆ ಮುಚ್ಚಿ ಪಾಕ ಹಸಿಯಾದರೆ ಕೆಲಸ ಬಿಡಿಸುತ್ತೇನೆಂದು ಅಪ್ಪಾಜಿ ಬೇರೆ ಹೇಳಿಟ್ಟಿದ್ದರು.

ಸಂಕ್ರಾಂತಿ ಕಳೆದು ನಾಲ್ಕನೆಯ ದಿನ, ಹೊತ್ತು ನೆತ್ತಿಗೆ ಬಂದಿತ್ತು. ಮುಳ್ಳು ಇನ್ನೂರ ಹತ್ತರಲ್ಲಿ. ಏಟು ಇಲ್ಲ. ಸರಳಿಗೆ ಕಿವಿ ಕೊಟ್ಟ. ಗುಳುಗುಳು ಎನ್ನುತ್ತಿದ್ದ ಪಾಕ ಈಗ ದಪ್ಪಗೆ ಲೊಟಲೊಟ ಎನ್ನುತ್ತಿದೆ. ಹದ ಮೀರುತ್ತಿದೆ ಎಂದಿತು ಕಿವಿ. ಇನ್ನೂ ಹೊತ್ತಿದೆ ಎಂದಿತು ಮುಳ್ಳು. ಜವರಯ್ಯ ಸುಮ್ಮನಿದ್ದಾನೆ. ಕೆಂಪಸಿದ್ದಯ್ಯ ಚಕ್ರದ ಮೇಲೆ ಕೈಯಿಟ್ಟು ಹತ್ತು ಎಣಿಸುವಷ್ಟು ಹೊತ್ತು ಅನುಮಾನಿಸಿದ. ಆ ಹತ್ತು ಎಣಿಕೆ ಅವನನ್ನು ಸಾಯುವ ತನಕ ಬಿಡಲಿಲ್ಲ. ಅವನು ಚಕ್ರ ಮುಚ್ಚುವುದಕ್ಕೂ ಒಳಗೆ ಕಿರುಚಾಟ ಏಳುವುದಕ್ಕೂ ಸರಿಹೋಯಿತು.

ಹಿತ್ತಲ ಬಾಗಿಲನ್ನು ಒದ್ದು ಮುರಿದು ಒಳಗೆ ನುಗ್ಗಿದ. ಆರು ವರ್ಷದ ಮೇಲೆ ಮತ್ತೆ ಪಾಕ ಕಂಡ. ಕೊಪ್ಪರಿಗೆಯ ಸುತ್ತ ನೊರೆ ಉಕ್ಕಿ ನೆಲಕ್ಕೆ ಹರಿಯುತ್ತಿತ್ತು. ಜವರಯ್ಯ ಗಿಂಡಿಗೆ ನೀರು ತುಂಬಲು ಬಗ್ಗಿದ್ದಾನೆ, ಕೈಯಲ್ಲಿ ಸೌಟಿನ ಬದಲು ಚೆಂಬು, ಇನ್ನು ಸರಳು ಬಡಿಯುವುದೆಲ್ಲಿ? ಗಿಂಡಿ ವಾಲಿ ನೀರು ಸುಡುವ ಪಾಕಕ್ಕೆ ಬಿದ್ದಿದೆ, ಪಾಕ ಸಿಡಿದು ಬಲಗೈಗೆ ಮೊಣಕೈವರೆಗೆ ಅಂಟಿಕೊಂಡಿದೆ. ಸರಪಣಿಯಲ್ಲಿ ಗಿಂಡಿ ಇನ್ನೂ ಓಲಾಡುತ್ತಿತ್ತು, ಅದರ ಬಾಯಲ್ಲಿ ಕಡ್ಡಿ, ಬೆಂದ ತುಳಸಿ. ಕೆಂಪಸಿದ್ದಯ್ಯನಿಗೆ ಒಂದೇ ನೋಟಕ್ಕೆ ಎಲ್ಲ ಅರ್ಥವಾಯಿತು.

ಅರ್ಥವಾದದ್ದನ್ನು ನುಂಗಿಕೊಂಡು ಜವರಯ್ಯನನ್ನು ಹಿತ್ತಲಿಗೆ ಎಳೆದುತಂದ. ಬೋರ್ಡಿನ ಕೆಳಗೆ ತನ್ನ ಹಿತ್ತಾಳೆ ಚೆಂಬಿನಲ್ಲಿ ಕುಡಿಯುವ ನೀರಿತ್ತು, ಬೆಂಗಳೂರಿನಿಂದ ತಂದ ಚೆಂಬು. ಸುಟ್ಟ ಕೈ ಮೇಲೆ ಸುರಿಯಲು ಬಗ್ಗಿದ. ಜವರಯ್ಯ ಅಷ್ಟು ನೋವಿನಲ್ಲೂ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

“ನಿನ್ ನೀರು ಬ್ಯಾಡ ಕಣ್ಲಾ. ಉಯ್‌ಬ್ಯಾಡ.”

ಥೂ! ಚರ್ಮ ಕರಗಿ ಬೆರಳಿಗೆ ಬೆರಳು ಅಂಟುತ್ತಿದೆ, ಆಗಲೂ ಇದು! ಒಳಗಿನ ಬಾವಿಯಿಂದ ನೀರು ಬರುವಷ್ಟರಲ್ಲಿ ಮಾಂಸ ಬೆಂದಿತ್ತು. ಓಡಿಬಂದವರು ಮೊದಲು ಕೇಳಿದ್ದು ಗಾಯದ ಮಾತಲ್ಲ, ಇವನನ್ನು ಒಳಗೆ ಬಿಟ್ಟವರು ಯಾರು ಎಂದು. ಆ ಕೊಪ್ಪರಿಗೆಯ ಪಾಕವನ್ನೆಲ್ಲ ಮೋರಿಗೆ ಚೆಲ್ಲಿದರು. ಜವರಯ್ಯನನ್ನು ಎತ್ತಿನ ಗಾಡಿಯಲ್ಲಿ ಮದ್ದೂರಿನ ಆಸ್ಪತ್ರೆಗೆ ಸಾಗಿಸುವ ಮುಂಚೆಯೇ ಒಬ್ಬಳು ನೆಲಕ್ಕೆ ಸಗಣಿ ನೀರು ಎರಚತೊಡಗಿದ್ದಳು.

ಸಂಜೆಯೊಳಗೆ ಊರೆಲ್ಲ ಸುದ್ದಿ. ಕೇರಿಯವನು ತೂಕಡಿಸಿ ಮುಳ್ಳು ನೋಡಲಿಲ್ಲ, ಊರವನ ಕೈ ಸುಟ್ಟ. ಸರ್ಕಾರದಿಂದ ಬಾಯ್ಲರು ಇನ್ಸ್‌ಪೆಕ್ಟರು ಬರುತ್ತಾರೆ, ತಪ್ಪು ಇವನದೆಂದು ಬರೆದರೆ ಜೈಲು. ಜೈಲಿಗಿಂತ ಮುಂಚೆ ಕೇರಿಯ ಗುಡಿಸಲುಗಳಿಗೆ ಬೆಂಕಿ ಬೀಳುತ್ತದೆ ಎಂಬ ಮಾತೂ ಬಂತು. ಶಿವನಂಜಮ್ಮ ಗಂಟು ಕಟ್ಟಿ ಕೂತಳು, ಕಿರುಗಾವಲಿಗೆ ಹೋಗಿಬಿಡೋಣ ಎಂದು.

“ಊರ್ ಬುಟ್ಟು ಓದ್ರೆ ನಾನೇ ಸುಟ್ಟೆ ಅಂತ ಒಪ್ಕಂಡಂಗಾಯ್ತದೆ ಕಣಮ್ಮಿ” ಎಂದ ಕೆಂಪಸಿದ್ದಯ್ಯ. ಗಂಟು ಬಿಚ್ಚಿಸಿದ.

ಹನ್ನೆರಡು ದಿನಕ್ಕೆ ಇನ್ಸ್‌ಪೆಕ್ಟರು ಬಂದರು. ಪೆಟ್ರೋಲಿನ ಬದಲು ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸಿನಲ್ಲಿ ಬಂದು ಮೂಗೆಲ್ಲ ಕಪ್ಪಾಗಿತ್ತು, ಮಾತು ಕಡಿಮೆ. ಅಷ್ಟರಲ್ಲಿ ಗಿಂಡಿ ಮಾಯ, ಕಡ್ಡಿ ಮತ್ತೆ ಪಾಕದ ಕೊಪ್ಪರಿಗೆಯಲ್ಲಿ. ಕೈಗೆ ಬಟ್ಟೆ ಸುತ್ತಿದ್ದ ಜವರಯ್ಯನನ್ನು ಕೇಳಿದರು. ಅವನು ನೆಲ ನೋಡುತ್ತಾ, ಕಡ್ಡಿ ಯಾವಾಗಲೂ ಪಾಕದಲ್ಲೇ ಇತ್ತು ಸ್ವಾಮಿ, ಹೊರಗಿನವನು ಗೇಜು ನೋಡಲಿಲ್ಲ ಎಂದ. ಐದು ವರ್ಷ ಸರಳಿನ ಮೇಲೆ ಮಾತಾಡಿದ ಮನುಷ್ಯ. ಕೆಂಪಸಿದ್ದಯ್ಯನಿಗೆ ಸಿಟ್ಟು ಬರಲಿಲ್ಲ, ಹೇಸಿಗೆ ಬಂತು, ಕಾಲಿಗೆ ಏನೋ ಮೆತ್ತಿಕೊಂಡ ಹಾಗೆ.

“ಸ್ವಾಮಿ, ನನ್ ಮಾತೂ ಬ್ಯಾಡ, ಅವ್ರ ಮಾತೂ ಬ್ಯಾಡ” ಎಂದ. “ಆ ಕಡ್ಡಿ ಈಚೆಗೆ ತರ್ಸಿ. ಎರಡು ತಿಂಗ್ಳು ಎಲ್ಲಿ ಕೂತಿತ್ತು ಅಂತ ಅದೇ ಏಳ್ತದೆ.”

ಗೋಡೆಯ ತೂತಿನಿಂದ ಕಡ್ಡಿಯನ್ನು ಹೊರಗೆ ಎಳೆಸಿದರು. ಮೇಲೆ ಪಾಕದ ತೆಳು ಲೇಪ. ಇನ್ಸ್‌ಪೆಕ್ಟರು ಚಾಕುವಿನಿಂದ ಕೆರೆದರು. ಕೆಳಗೆ ಬಿಳಿ ಸುಣ್ಣ, ಬಚ್ಚಲ ಹಂಡೆಯ ಒಳಗೆ ಕಟ್ಟುತ್ತದಲ್ಲ ಅದೇ. ಪಾಕದಲ್ಲಿ ಸುಣ್ಣ ಕಟ್ಟುವುದಿಲ್ಲ, ಬಾವಿಯ ನೀರು ಕುದಿದರೆ ಕಟ್ಟುತ್ತದೆ. ಮೂರು ಕಲ್ಲಿಟ್ಟು ಒಲೆ ಹಚ್ಚಿಸಿ, ಪಾತ್ರೆಯಲ್ಲಿ ನೀರು ಕುದಿಸಿ ಕಡ್ಡಿ ಅದ್ದಿದರು. ಎಲ್ಲರೆದುರಿಗೆ ಮುಳ್ಳು ಇನ್ನೂರ ಹತ್ತಕ್ಕೆ ಏರಿ ನಿಂತಿತು. ಇನ್ನೂ ಸೌದೆ ಹಾಕಿಸಿದರು. ಅಲ್ಲಾಡಲಿಲ್ಲ. ಅಂಕಮ್ಮನವರು ಸೆರಗು ಎಳೆದುಕೊಂಡು ಒಳಗೆ ಹೋದರು.

ಇನ್ಸ್‌ಪೆಕ್ಟರು ಬರೆದರು: ಆಳಿನದು ತಪ್ಪಿಲ್ಲ. ಬೋರ್ಡು ಕೊಪ್ಪರಿಗೆ ಕಾಣುವಂತೆ ಒಳಗೇ ಇರತಕ್ಕದ್ದು, ಹದಿನೈದು ದಿನದೊಳಗೆ ಬದಲಿಸದಿದ್ದರೆ ಬೀಗ. ಕೇರಿಯಲ್ಲಿ ಆವತ್ತು ಹಬ್ಬ. ಆರು ವರ್ಷದಿಂದ ಗೇಣಗಲ ಕಿಟಕಿ ಕೇಳಿದವನಿಗೆ ಇಡೀ ಬಾಗಿಲೇ ತೆರೆಯಿತು ಎಂದುಕೊಂಡ ಕೆಂಪಸಿದ್ದಯ್ಯ.

ಎಂಥ ಹುಚ್ಚ! ಕಾಗದದಲ್ಲಿ ಬೋರ್ಡು ಒಳಗೆ ಹೋಗಬೇಕೆಂದಿತ್ತು, ಮನುಷ್ಯ ಒಳಗೆ ಹೋಗಬೇಕೆಂದಿರಲಿಲ್ಲ. ಫಿಟ್ಟರು ಬಂದು ಗೇಜುಗಳನ್ನು ಒಳಗೆ ಕೂರಿಸಿದ, ಹಿತ್ತಲ ತೂತುಗಳಿಗೆ ಗಾರೆ ಮೆತ್ತಿದರು. ಬೋರ್ಡು ಒಳಗೆ ಬಂದಮೇಲೆ ನಿನಗೆ ಇಲ್ಲಿ ಏನು ಕೆಲಸ ಎಂದರು ಅಪ್ಪಾಜಿ. ಬೋರ್ಡಿನ ಮುಂದೆ ಜವರಯ್ಯನನ್ನು ನಿಲ್ಲಿಸಿದರು. ಬಲಗೈ ಇನ್ನು ಪಾಕಕ್ಕೆ ಇಳಿಯುವಂತಿರಲಿಲ್ಲ, ಚಕ್ರವಾದರೂ ತಿರುಗಿಸಲಿ ಎಂದು. ತನ್ನ ನಿರಪರಾಧಿತ್ವವನ್ನು ತಾನೇ ರುಜುವಾತು ಮಾಡಿ ಕೆಂಪಸಿದ್ದಯ್ಯ ತನ್ನ ಅನ್ನ ತಾನೇ ಕಳೆದುಕೊಂಡ. ಮಂಡ್ಯದಲ್ಲಿ ಗುತ್ತಲು ಕಡೆಯ ಒಂದು ಅಕ್ಕಿ ಗಿರಣಿಯಲ್ಲಿ ಇಂಜಿನ್ನಿಗೆ ಆಳು ಬೇಕೆಂದು ತಿಳಿದು, ಯುಗಾದಿ ಕಳೆದಮೇಲೆ ಬರುತ್ತೇನೆಂದು ಹೇಳಿ ಬಂದ.

ಹೊರಡುವ ಹಿಂದಿನ ದಿನ ಜವರಯ್ಯ ಕೇರಿಯ ಹೊರಗಿನ ಹುಣಸೆಮರದ ಕೆಳಗೆ ಬಂದು ನಿಂತ. ಉರಿಬಿಸಿಲು. ಕೈಯಲ್ಲಿ ಬಟ್ಟೆ ಬಿಚ್ಚಿತ್ತು, ಚರ್ಮ ಕೆಂಪಗೆ ಸುಕ್ಕುಗಟ್ಟಿ ಬೆರಳುಗಳು ಸೊಟ್ಟಗಾಗಿದ್ದವು.

“ಸಿದ್ದ, ಆ ಮುಳ್ಳು ಓದಾದು ಒಸಿ ಏಳ್ಕೊಡು. ನಂಗೆ ಅಂಕಿ ಬರಾಕಿಲ್ಲ. ಒಳಗೆ ಇನ್ನೂ ನಾಕು ಜನ ಅವ್ರೆ” ಎಂದ.

ಕೆಂಪಸಿದ್ದಯ್ಯ ಮನೆಯೊಳಗೆ ಹೋಗಿ ಹಿತ್ತಾಳೆ ಚೆಂಬಿನಲ್ಲಿ ನೀರು ತಂದು ಅವನ ಮುಂದೆ ಹಿಡಿದ. ಅಣ್ಣ ಎನ್ನಲಿಲ್ಲ.

“ಆವತ್ತು ನೀನು ಬ್ಯಾಡ ಅಂದ ನೀರು ಇದು, ಜವರಯ್ಯ. ಕುಡಿ. ಕುಡುದ್ರೆ ಏಳ್ಕೊಡ್ತೀನಿ.”

ಜವರಯ್ಯ ಚೆಂಬನ್ನು ನೋಡಿದ. ದಾರಿಯ ಆ ಕಡೆ ನೋಡಿದ, ಈ ಕಡೆ ನೋಡಿದ. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ದಾರಿಗೆ ಬೆನ್ನು ಹಾಕಿ ಚೆಂಬು ತೆಗೆದುಕೊಂಡ. ಸೊಟ್ಟ ಕೈಯಲ್ಲಿ ಎತ್ತಿ ಕುಡಿಯಲಾಗದೆ, ಚೆಂಬಿಗೆ ಬಾಯಿ ಕಚ್ಚಿಯೇ ಗಟಗಟ ಕುಡಿದ. ಬೇಡ ಎಂದು ಹೊರಟುಹೋಗಿದ್ದರೆ ಕೆಂಪಸಿದ್ದಯ್ಯನಿಗೆ ಇಷ್ಟು ಅಸಹ್ಯವಾಗುತ್ತಿರಲಿಲ್ಲವೇನೋ. ಆದರೂ ಮಾತು ಕೊಟ್ಟಿದ್ದ. ಹುಣಸೆಮರದ ಕೆಳಗೆ ಮಣ್ಣಿನ ಮೇಲೆ ಬೆರಳಿನಿಂದ ಗೇಜು ಬರೆದು, ಅಂಕಿಗಳನ್ನು ಒಂದೊಂದಾಗಿ ಹೇಳಿಸಿ, ಮುಳ್ಳು ಎಲ್ಲಿಗೆ ಬಂದರೆ ಏನು ಮಾಡಬೇಕು ಎಂಬುದನ್ನೆಲ್ಲ ಕಲಿಸಿದ. ಕಿವಿ ಬೇರೆ ಹೇಳಿದರೆ ಕಿವಿಯನ್ನು ನಂಬು ಎಂಬ ಮೇಸ್ತ್ರಿಯ ಮಾತನ್ನೂ ಮುಚ್ಚಿಡದೆ ಹೇಳಿದ. ಹೊತ್ತು ಇಳಿಯಿತು. ಕಡ್ಡಿಯನ್ನು ಮತ್ತೆ ಗಿಂಡಿಗೆ ಹಾಕಬೇಡ ಎಂದು ಕೊನೆಗೆ ಎಚ್ಚರಿಸಿದ. ಇನ್ನು ಅದರ ಅವಶ್ಯವಿಲ್ಲ, ಈಗ ಬೋರ್ಡು ಮುಟ್ಟುವವನು ನಾನೇ ತಾನೇ ಎಂದು ಜವರಯ್ಯ ಸಮಾಧಾನವಾಗಿ ಹೇಳಿ ಎದ್ದ.

ಅವನು ನಾಲೆಯ ಏರಿಯವರೆಗೆ ನಡೆದುಹೋಗುವುದನ್ನು ಕೆಂಪಸಿದ್ದಯ್ಯ ನಿಂತು ನೋಡಿದ. ಅಲ್ಲಿ ಜವರಯ್ಯ ನೀರಿಗೆ ಇಳಿದ. ಬಾಯಿ ಮುಕ್ಕಳಿಸಿ ಉಗಿದ. ಮತ್ತೆ ಮುಕ್ಕಳಿಸಿದ, ಮತ್ತೆ ಉಗಿದ. ಮೂರನೆಯ ಸಲಕ್ಕೆ ತಲೆಯ ಮೇಲೂ ನೀರು ಚಿಮುಕಿಸಿಕೊಂಡು ದಡ ಹತ್ತಿದ.

ಕೆಂಪಸಿದ್ದಯ್ಯ ಚೆಂಬನ್ನು ಎರಡೇ ಬೆರಳಿನಲ್ಲಿ ಹಿಡಿದು ಮನೆಗೆ ಬಂದು ಹೊಸ್ತಿಲ ಹೊರಗೆ ಇಟ್ಟ.

“ಇದ್ನ ಒಳಕ್ಕೆ ತರ್ಬ್ಯಾಡ ಕಣಮ್ಮಿ” ಎಂದ ಶಿವನಂಜಮ್ಮನಿಗೆ. “ಉಣ್ಸೆಅಣ್ಣು, ಬೂದಿ ಆಕಿ ಮೂರು ಸಲ ಬೆಳಗು. ಎಂಥೋನ್ ಬಾಯೋ ತಾಕ್ಬುಟ್ಟದೆ.”